ಎದುರಾಳಿಯ ಪ್ಯಾರಾ

ಜಾರ್ಜ್‌ಟೌನ್
೬ ಫೆಬ್ರವರಿ ೧೯೯೨

ಫೇರ್ ಪೇಶೆನ್ಸ್ ಊರಿನ ಕಡಲ ತೂಬಿನ ಚಕ್ರಾಧಿಪತಿಯಾದ ಮಹಾಮಹಿಮ ವೇವ್ನಿ ಕ್ವಾಮಿನಾ ಅವರ ಸನ್ನಿಧಾನಕ್ಕೆ,

ತಮ್ಮ ಏಕಮಾತ್ರ ತಮ್ಮನೂ, ತಾವು ಕಟ್ಟಿಕೊಟ್ಟ ಮರಗೆಣಸಿನ ರೊಟ್ಟಿಗಳನ್ನು ಬಸ್ಸು ನಗರ ಮುಟ್ಟುವ ಮೊದಲೇ ಮುಗಿಸಿದ ಮಹಾಪುರುಷನೂ ಆದ ಆಸ್ಬರ್ಟ್ ಮಾಡಿಕೊಳ್ಳುವ ಅರಿಕೆ.

ಅಕ್ಕಾ, ನಿನ್ನ ಕೆಲಸ ಉಳಿಸುವವನು ನಾನೇ. ನಗಬೇಡ. ಈ ವರ್ಷ ನಾವೆಲ್ಲ ಒಂದೊಂದು ಸಂಶೋಧನಾ ಪ್ರಬಂಧ ಬರೆಯಬೇಕು. ಸುಮ್ಮನೆ ವಿಷಯ ತಿಳಿಸುವಂಥದ್ದಲ್ಲ, ವಾದ ಹೂಡಿ ಗೆಲ್ಲುವಂಥದ್ದು. ಉಳಿದವರು ಹೊಗೆಸೊಪ್ಪಿನ ಕೇಡು, ಮದುವೆಯ ಖರ್ಚು ಎಂದೆಲ್ಲ ಆರಿಸಿಕೊಂಡರು. ನಾನು ಎದೆಯ ಮೇಲೆ ಕೈಯಿಟ್ಟು ನಿಂತು, ನಮ್ಮೂರಿನ ಡಿಸೆಂಬರ್ ನೆರೆ ಎಂದೆ. ತರಗತಿಯೇ ಸ್ತಬ್ಧವಾಯಿತು. (ಒಬ್ಬ ಆಕಳಿಸಿದ. ಅದನ್ನು ಲೆಕ್ಕಕ್ಕಿಟ್ಟಿಲ್ಲ.)

ಪೀಠಿಕೆ ಮುಗಿದಿದೆ. ಮೊದಲ ವಾಕ್ಯ ಕೇಳು: "ಕಡಲಿಗಿಂತ ತಗ್ಗಿನಲ್ಲಿರುವ ಊರುಗಳ ಪ್ರಾಣವೆಲ್ಲ ಒಂದು ಮರದ ಬಾಗಿಲಿನಲ್ಲಿದೆ, ಇಳಿತದಲ್ಲಿ ಅದನ್ನು ಎತ್ತಿದರೆ ಮಳೆನೀರು ಹೊರಗೆ ಹೋಗುತ್ತದೆ, ಭರತದಲ್ಲಿ ಇಳಿಸಿದರೆ ಕಡಲು ಹೊರಗೇ ಉಳಿಯುತ್ತದೆ." ನಮಗೆ ಪ್ರಬಂಧ ಕಲಿಸುವ ಮಿಸ್ ಇಂಗ್ರಾಮ್ ಇದನ್ನು ಓದಿ ಕನ್ನಡಕ ಒರೆಸಿಕೊಂಡರು. ನನ್ನ ವಾದ ಇಷ್ಟೇ: ನೆರೆ ಬಂದದ್ದು ತೂಬಿನ ಚಕ್ರ ತಿರುಗಿಸುವವರ ತಪ್ಪಿನಿಂದಲ್ಲ, ನಾಲ್ಕು ವರ್ಷ ಕಾಲುವೆಯ ಬಾಯಿಯ ಕೆಸರು ತೆಗೆಯದ ಕಾಲುವೆ ಮಂಡಳಿಯ ತಪ್ಪಿನಿಂದ. ಮೇ ತಿಂಗಳಲ್ಲಿ ಮಂಡಳಿ ನಿನ್ನ ಮೇಲೆ ವಿಚಾರಣೆ ನಡೆಸುವ ಹೊತ್ತಿಗೆ ಈ ಪ್ರಬಂಧ ಅವರ ಮೇಜಿನ ಮೇಲಿರುತ್ತದೆ.

ಈಗ ಉಳಿದದ್ದು ಒಡಲು ಮತ್ತು ಉಪಸಂಹಾರ. ಒಡಲಿಗೆ ಪುರಾವೆ ಬೇಕು. ಕೆಸರು ಎಷ್ಟು ಅಡಿ? ಮಂಡಳಿಗೆ ನೀನು ಬರೆದ ದೂರುಗಳು ಎಷ್ಟು? ತೂಬಿನ ದಿನಚರಿ ಪುಸ್ತಕದಲ್ಲಿ ಆ ವಾರದ ಸಾಲುಗಳೇನು? ಇವಿಷ್ಟನ್ನೂ ನಕಲು ಮಾಡಿ ಕಳಿಸುವುದು.

ಡಿಸೆಂಬರಿನಲ್ಲಿ ಫೋನಿನಲ್ಲಿ ನಿನ್ನನ್ನು ನಡುಗಿಸಿದ ನಮ್ಮ ಕಾಲೇಜಿನ ರಿಜಿಸ್ಟ್ರಾರ್ ಸಾಹೇಬರು ನಿನಗೆ ನಮಸ್ಕಾರ ತಿಳಿಸಿದ್ದಾರೆ. ಅವರು ಈಗಲೂ ನನ್ನ ಗಂಟಲಿನಲ್ಲೇ ಬಾಡಿಗೆಗಿದ್ದಾರೆ.

ಪಾದಧೂಳಿ,
ಆಸ್ಬರ್ಟ್


ಫೇರ್ ಪೇಶೆನ್ಸ್
೧೯ ಫೆಬ್ರವರಿ ೧೯೯೨

ಆಸ್ಬರ್ಟ್,

ಮಹಾಮಹಿಮೆ ಇರಲಿ, ಬರುವಾಗ ಒಂದು ಡಬ್ಬಿ ಗ್ರೀಸು ತಾ. ಚಕ್ರ ಕಿರುಗುಟ್ಟುತ್ತಿದೆ, ಮಂಡಳಿ ಕೊಡುವುದಿಲ್ಲ.

ಬಿದಿರು ಹಿಡಿದು ಸೊಂಟದವರೆಗೆ ಇಳಿದು ಅಳೆದೆ. ಕಾಲುವೆಯ ಬಾಯಲ್ಲಿ ಕೆಸರು ನಾಲ್ಕು ಅಡಿ ಎರಡು ಅಂಗುಲ. ಮಂಡಳಿಗೆ ಬರೆದ ದೂರು ಆರು. ತಾರೀಖುಗಳನ್ನು ಹಿಂಬದಿಯಲ್ಲಿ ಬರೆದಿದ್ದೇನೆ. ಒಂದಕ್ಕೆ ಉತ್ತರ ಬಂದಿತ್ತು: ದೂರು ತಲುಪಿದೆ ಎಂದು.

ದಿನಚರಿಯ ಸಾಲುಗಳನ್ನೂ ಇಟ್ಟಿದ್ದೇನೆ. ಡಿಸೆಂಬರ್ ಹದಿನಾಲ್ಕರದ್ದು: ಬಾಗಿಲು ಎತ್ತಿದ್ದು ಬೆಳಗ್ಗೆ ೯.೧೦, ಇಳಿಸಿದ್ದು ಮಧ್ಯಾಹ್ನ ೧.೧೫. ಅಪ್ಪನ ಪದ್ಧತಿ ನಿನಗೆ ಗೊತ್ತು. ಮೊದಲು ಪೆನ್ಸಿಲಿನಲ್ಲಿ ಬರೆಯುವುದು, ಕಡಲು ತಿರುಗಿದ ಮೇಲೆ ಅದರ ಮೇಲೆ ಶಾಯಿ ಎಳೆಯುವುದು. ಶಾಯಿ ಎಳೆದದ್ದನ್ನು ಯಾರೂ ಪ್ರಶ್ನಿಸುವುದಿಲ್ಲ.

ಊರಿನ ಮಾತು ಕೇಳಬೇಕೆ? ನಿನ್ನೆ ಸೇತುವೆಯ ಮೇಲೆ ಕಾಂಪ್ಟನ್ ಹೈಂಡ್ಸ್ ಎಲ್ಲರಿಗೂ ಕೇಳುವಂತೆ, "ಹೆಂಗಸಿನ ಕೈಗೆ ಚಕ್ರ ಕೊಟ್ರೆ ಇನ್ನೇನಾಗತ್ತೆ? ಮೂವತ್ತೆರಡು ಬಾತುಕೋಳಿ ಹೋದ್ವು ನಂದು" ಅಂದ.

"ಬಾತುಕೋಳಿಗೆ ಈಜೋಕ್ ಬರಲ್ವಾ ಮಿಸ್ಟರ್ ಹೈಂಡ್ಸ್?" ಅಂದೆ.

"ಗೂಡಲ್ಲಿ ಕೂಡಿಹಾಕಿದ್ದೆ ಕಣಮ್ಮ. ಗೂಡಿಗೆ ಈಜೋಕ್ ಬರಲ್ಲ."

ಎಲ್ಲರೂ ನಕ್ಕರು. ನನಗೂ ನಗು ಬಂತು, ನಗಲಿಲ್ಲ. ಅವನ ಹೆಂಡತಿಯ ಹೊಲಿಗೆ ಯಂತ್ರ ಇನ್ನೂ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದೆ. ಇಸ್ಮೇ ಅತ್ತೆಯ ಮನೆಯ ನೆಲದ ಹಲಗೆಗಳು ದೋಣಿಯ ಹಾಗೆ ಬಾಗಿವೆ.

ನನ್ನ ಹೆಸರು ಎಲ್ಲೂ ಹಾಕಬೇಡ. ನಿನ್ನ ರಿಜಿಸ್ಟ್ರಾರರಿಗೆ ಹೇಳಲು ನನ್ನಲ್ಲಿ ಏನೂ ಇಲ್ಲ.

ನಿನ್ನ ಅಕ್ಕ,
ವೇವ್ನಿ


ಜಾರ್ಜ್‌ಟೌನ್
೭ ಮಾರ್ಚ್ ೧೯೯೨

ಕೆಸರಿನಲ್ಲಿಳಿದು ಸತ್ಯವನ್ನಳೆದ ಮಹಾತಾಯಿಗೆ,

ಒಡಲಿನ ಎರಡು ಪ್ಯಾರಾ ಸಿದ್ಧವಾಗಿವೆ. ಮೊದಲನೆಯದು ಕೆಸರು, ಎರಡನೆಯದು ಆರು ದೂರುಗಳು. ದಿನಚರಿಯ ೯.೧೦ ಅನ್ನು ಎರಡರ ನಡುವೆ ದೀಪದ ಹಾಗೆ ನಿಲ್ಲಿಸಿದ್ದೇನೆ: ಬಾಗಿಲು ಸರಿಯಾದ ಗಳಿಗೆಗೆ ಎದ್ದಿತು, ಆದರೂ ನೀರು ಹೋಗಲಿಲ್ಲ, ಏಕೆ? ಓದಿದವರಿಗೆ ರೋಮಾಂಚನ ಗ್ಯಾರಂಟಿ.

ಮಿಸ್ ಇಂಗ್ರಾಮ್‌ಗೆ ಮಾತ್ರ ಆಗಲಿಲ್ಲ. ಮೂರನೆಯ ಪ್ಯಾರಾದಲ್ಲಿ ಎದುರಾಳಿಯ ವಾದ ಹೇಳಿ ಅದನ್ನು ಮುರಿಯಬೇಕು. ನಾನು ಹೈಂಡ್ಸನ "ಹೆಂಗಸಿನ ಕೈ" ಮಾತನ್ನು ತಂದು ಚೂರು ಚೂರು ಮಾಡಿದ್ದೆ. ಅವರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನಪ್ಪ ಆಸ್ಬರ್ಟ್, ಹುಲ್ಲಿನ ಬೊಂಬೆ ಮಾಡ್ಕೊಂಡು ಒದೀತಿದೀಯಲ್ಲ? ತಿರುಗಿ ಒದೆಯೋನನ್ನ ತಂದು ನಿಲ್ಸು. ಅವನು ಹೇಳಬಹುದಾದ್ದರಲ್ಲಿ ಅತಿ ಬಲವಾದ್ದು ಯಾವುದೋ ಅದನ್ನ ಹೇಳು. ಅದಿಲ್ದೆ ಹೋದ್ರೆ ಇದು ಪ್ರಬಂಧ ಅಲ್ಲ, ಹೊಗಳುಭಟ್ಟಂಗಿತನ" ಅಂದರು. ಹಿಂದಿನ ಬೆಂಚು ಮೇಜು ಕುಟ್ಟಿತು.

ಆದ್ದರಿಂದ ಒಂದು ಆಟ ಆಡೋಣ. ನೀನು ಮಂಡಳಿಯ ವಕೀಲಳಾಗು. ಕರಿ ಕೋಟು ಹಾಕಿಕೋ, ಕೆಮ್ಮು. ತೂಬಿನ ಆ ದುಷ್ಟ ಹೆಂಗಸಿನ ಮೇಲೆ ಹೇಳಬಹುದಾದ ಅತಿ ಕೆಟ್ಟ ಮಾತು ಯಾವುದು? ಕರುಣೆ ತೋರಿಸಬೇಡ.

ಕಕ್ಷಿದಾರ,
ಆಸ್ಬರ್ಟ್


ಫೇರ್ ಪೇಶೆನ್ಸ್
೨೨ ಮಾರ್ಚ್ ೧೯೯೨

ಆಸ್ಬರ್ಟ್,

ಕೇಳಿದೆ, ಕೊಡುತ್ತೇನೆ. ಕೋಟು ಹಾಕಿಕೊಂಡಿಲ್ಲ.

ಹದಿನಾಲ್ಕನೆಯ ತಾರೀಖು ಬಾಗಿಲು ಎದ್ದದ್ದು ೯.೧೦ಕ್ಕಲ್ಲ. ೧೧.೪೦ಕ್ಕೆ. ಮೂರು ದಿನದಿಂದ ಮಳೆ ಸುರಿದು ಕಾಲುವೆ ದಂಡೆ ಮುಟ್ಟಿತ್ತು. ಆ ಇಳಿತದಲ್ಲಿ ನಮಗೆ ಸಿಕ್ಕಿದ್ದು ನಾಲ್ಕು ಗಂಟೆ. ಅದರಲ್ಲಿ ಎರಡೂವರೆ ಗಂಟೆ ಬಾಗಿಲು ಮುಚ್ಚಿಯೇ ಇತ್ತು. ಸಂಜೆಯ ಭರತಕ್ಕೆ ನೀರು ಮನೆಗಳೊಳಗೆ ಬಂತು. ಪೆನ್ಸಿಲಿನಲ್ಲಿ ನಿಜವನ್ನೇ ಬರೆದಿದ್ದೆ. ರಬ್ಬರಿನಲ್ಲಿ ಅಳಿಸಿ ೯.೧೦ ಎಂದು ಶಾಯಿ ಎಳೆದೆ. ಹನ್ನೊಂದು ವರ್ಷದಲ್ಲಿ ಅದೊಂದೇ ಸುಳ್ಳು.

ಎಲ್ಲಿದ್ದೆ ಎಂದು ಕೇಳುತ್ತೀಯಲ್ಲ? ಅಂಚೆ ಕಚೇರಿಯಲ್ಲಿದ್ದೆ. ಮುದ್ರೆ ಒತ್ತಿದ ಕಾಗದ ಬಂದಿತ್ತು: "ಆಸ್ಬರ್ಟ್ ಕ್ವಾಮಿನಾ ಎಂಬ ವಿದ್ಯಾರ್ಥಿಯ ಪೋಷಕರು ಅತ್ಯಂತ ಗಂಭೀರವಾದ ವಿಷಯದ ನಿಮಿತ್ತ ಡಿಸೆಂಬರ್ ೧೪ರಂದು ಬೆಳಗ್ಗೆ ಒಂಬತ್ತಕ್ಕೆ ಅಂಚೆ ಕಚೇರಿಯ ಫೋನಿನ ಬಳಿ ಹಾಜರಿರತಕ್ಕದ್ದು." ಒಂಬತ್ತಕ್ಕೆ ಮಾತಾಡಿ ಅರ್ಧ ಗಂಟೆಯಲ್ಲಿ ಓಡಿ ಬರಬಹುದು ಅಂದುಕೊಂಡೆ. ಲೈನು ಸಿಗಲಿಲ್ಲ. ಅಂಚೆಯವಳು, "ಹೋಗಮ್ಮ, ಆಮೇಲೆ ಬಾ" ಅಂದಳು. ನೀನು ಆಸ್ಪತ್ರೆಯಲ್ಲಿದ್ದೀಯ ಅಂದುಕೊಂಡಿದ್ದೆ, ಆಸ್ಬರ್ಟ್. ಇಲ್ಲವೇ ಶವಾಗಾರದಲ್ಲಿ. ಎಲ್ಲಿಗೆ ಹೋಗಲಿ?

ಹನ್ನೊಂದಕ್ಕೆ ಫೋನಿನ ಗಂಟೆ ಹೊಡೆಯಿತು. ಗಂಭೀರವಾದ ದನಿ. ವಿದ್ಯಾರ್ಥಿಯು ತರಗತಿಗೇ ಮೊದಲನೆಯವನಾಗಿ ತೇರ್ಗಡೆಯಾಗಿರುವುದನ್ನು ವಿಷಾದದಿಂದ ತಿಳಿಸಲಾಗುತ್ತಿದೆ ಅಂದಿತು. ಆಮೇಲೆ ನಿನ್ನ ನಗು.

ನಾನೂ ನಕ್ಕೆ. ನೆನಪಿದೆಯಾ? "ಓಡಬೇಕು ಕಣೋ" ಅಂದು ಇಟ್ಟೆ. ಎಲ್ಲಿಗೆ ಎಂದು ನೀನು ಕೇಳಲಿಲ್ಲ.

ಅತಿ ಬಲವಾದ ಮಾತು ಇದು. ಇದು ನಿನಗೆ, ಪ್ರಬಂಧಕ್ಕಲ್ಲ.

ನಿನ್ನ ಅಕ್ಕ,
ವೇವ್ನಿ


ಜಾರ್ಜ್‌ಟೌನ್
೩೦ ಏಪ್ರಿಲ್ ೧೯೯೨

ಪ್ರೀತಿಯ ಅಕ್ಕನಿಗೆ,

ಐದು ವಾರ ಬರೆಯಲಿಲ್ಲ. ಪರೀಕ್ಷೆ ಇತ್ತು. ನೆಗಡಿಯೂ ಇತ್ತು. ನಿನ್ನ ಕಾಗದವೂ ಇತ್ತು.

ಈಗ ಕೋಪ ಮಾಡಿಕೊಳ್ಳದೆ ಓದು. ಅದನ್ನು ಮೂರನೆಯ ಪ್ಯಾರಾದಲ್ಲಿ ಹಾಕಿದ್ದೇನೆ. ೯.೧೦ ಸುಳ್ಳೆಂದು ತಿಳಿದ ಮೇಲೆ ಅದರ ಮೇಲೆ ಕಟ್ಟಿದ್ದೆಲ್ಲ ಕುಸಿಯಿತು. ಹೊಸದಾಗಿ ಕಟ್ಟಿದೆ, ಮೊದಲಿಗಿಂತ ಗಟ್ಟಿಯಾಗಿ. ಎದುರಾಳಿಯ ಕೈಗೆ ಅತಿ ದೊಡ್ಡ ಕಲ್ಲನ್ನು ನಾನೇ ಕೊಟ್ಟಿದ್ದೇನೆ: ಹೌದು, ಬಾಗಿಲು ಎರಡೂವರೆ ಗಂಟೆ ತಡವಾಯಿತು. ಮುಂದಿನ ಪುಟದಲ್ಲಿ ಉತ್ತರ: ನಾಲ್ಕು ಅಡಿ ಕೆಸರಿರುವಾಗ ನಾಲ್ಕು ಗಂಟೆ ತೆರೆದಿದ್ದರೂ ಮೂರರಲ್ಲೊಂದು ಪಾಲು ನೀರು ಮಾತ್ರ ಹೋಗುತ್ತಿತ್ತು, ನೆರೆ ತಪ್ಪುತ್ತಿರಲಿಲ್ಲ. ಗಣಿತದ ಮೇಷ್ಟ್ರ ಹತ್ತಿರ ಲೆಕ್ಕ ತಿದ್ದಿಸಿದ್ದೇನೆ. ನಿನ್ನ ಪರವಾಗಿ ಇದಕ್ಕಿಂತ ಒಳ್ಳೆಯ ವಾದ ಇಲ್ಲ ಅಕ್ಕಾ, ನಿಜವಾಗಿ ಇಲ್ಲ.

ಹೆಸರು ಹಾಕಿಲ್ಲ. "ಮಿಸ್ ಪಿ." ಎಂದಿದೆ. ಊರಿನ ಹೆಸರು ತೆಗೆದು "ತೀರದ ಒಂದು ಊರು" ಮಾಡಿದೆ. ಮಾತು ನಂಬುವಂತಿರಬೇಕಾದರೆ ಹೇಳಿದವರು ಯಾರೆಂದು ನಾಲ್ಕು ಮಾತು ಬೇಕು, ಅದು ನಿಯಮ. ಅದಕ್ಕೆ "ಮೂವತ್ತನಾಲ್ಕು ವರ್ಷದ ಮಹಿಳೆ, ತಂದೆಯ ನಂತರ ಚಕ್ರ ವಹಿಸಿಕೊಂಡು ಹನ್ನೊಂದು ವರ್ಷ ಸೇವೆ" ಎಂದಷ್ಟೇ ಬರೆದೆ. ತಡವಾದದ್ದು "ಸ್ವಂತ ಕಾರಣದಿಂದ" ಎಂದಿದೆ. ಬರೆದವನು ತನ್ನ ಪ್ರಬಂಧದೊಳಗೆ ಕಾಲಿಡಕೂಡದು, ಅದೂ ನಿಯಮ.

ನನ್ನದಕ್ಕೇ ಮೊದಲ ಸ್ಥಾನ. ಜುಲೈ ತಿಂಗಳ ಕಾಲೇಜು ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಮಂಡಳಿಯ ಇಂಜಿನಿಯರು ತಾವಾಗಿಯೇ ಒಂದು ಪ್ರತಿ ಕೇಳಿದರು. ನಾನೇ ಅವರ ಕಚೇರಿಗೆ ಹೋಗಿ ಎರಡು ಕೈಯಲ್ಲಿ ಕೊಟ್ಟು ಬಂದೆ. ಚಹಾ ಕೊಟ್ಟರು.

ನಿನ್ನ,
ಆಸ್ಬರ್ಟ್


ಫೇರ್ ಪೇಶೆನ್ಸ್
೨೯ ಮೇ ೧೯೯೨

ಆಸ್ಬರ್ಟ್ ಕ್ವಾಮಿನಾ,

ವಿಚಾರಣೆ ಶಾಲೆಯ ಕೋಣೆಯಲ್ಲಿ ನಡೆಯಿತು. ಊರೆಲ್ಲ ಬಂದಿತ್ತು, ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿ ಕೂತಿತ್ತು. ಇಂಜಿನಿಯರು ಎದ್ದು ನಿನ್ನ ಹಾಳೆಗಳನ್ನು ತೆಗೆದ. ಚೆನ್ನಾಗಿ ಓದಿದ. ಕಲಿತವನು.

"ಮಿಸ್ ಕ್ವಾಮಿನಾ, ಈ ನದಿಯಿಂದ ಆ ನದಿವರೆಗೆ ತೂಬಿನ ಚಕ್ರ ತಿರುಗ್ಸೋ ಹೆಂಗಸ್ರು ಎಷ್ಟು ಜನ ಇದಾರೆ?" ಅಂದ.

"ಒಬ್ಬಳು, ಸರ್."

"ಯಾರಮ್ಮ ಅವ್ಳು?"

ಕೋಣೆ ನಕ್ಕಿತು. ಆಸ್ಬರ್ಟ್, ನೀನು ನನ್ನ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೆ.

"ಈ ಸ್ವಂತ ಕಾರಣ ಅಂದ್ರೆ ಏನು?" ಅಂದ. ಹಿಂದಿನಿಂದ ಹೈಂಡ್ಸ್, "ಯಾವನಾದ್ರೂ ಇದ್ದಿರ್ಬೇಕು ಬಿಡಿ ಸರ್!" ಅಂದ. ಮತ್ತೆ ನಕ್ಕರು. ಇಸ್ಮೇ ಅತ್ತೆಯೂ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. ಹೌದು, ಒಬ್ಬನಿದ್ದ. ಫೋನಿನ ಆ ಕಡೆ ಇದ್ದ.

ನಾನು ಬಾಯಿ ಬಿಡಲಿಲ್ಲ. ನೀನು ಕಳಿಸಿದ ಮುದ್ರೆಯ ಕಾಗದ ನನ್ನ ಚೀಲದಲ್ಲೇ ಇತ್ತು. ತೆಗೆದು ತೋರಿಸಿದ್ದರೆ ರಿಜಿಸ್ಟ್ರಾರರ ಹೆಸರು ಕದ್ದವನನ್ನು ಕಾಲೇಜು ಹೊರಗೆ ಹಾಕುತ್ತಿತ್ತು. ನಾನು ಚಕ್ರ ತಿರುಗಿಸಿದ್ದು ನೀನು ಓದಲಿ ಅಂತ. ಎರಡನ್ನೂ ಒಂದೇ ಬೆಳಗ್ಗೆ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ.

"ಉತ್ತರ ಮುಂದಿನ ಪುಟದಲ್ಲಿದೆ, ಅದನ್ನೂ ಓದಿ" ಅಂದೆ. "ಅದು ವಿದ್ಯಾರ್ಥಿಯ ಅಭಿಪ್ರಾಯ" ಅಂದು ಮಡಚಿಟ್ಟ. ಸುಳ್ಳು ಬರೆದದ್ದಕ್ಕೆ, ಹೇಳದೆ ಹೋದದ್ದಕ್ಕೆ ವಜಾ. ಕೆಸರಿನ ಮಾತೇ ಬರಲಿಲ್ಲ. ಬೀಗದ ಕೈ ಈಗ ಹೈಂಡ್ಸನ ಸೋದರಳಿಯ ಕಾರ್ಲ್‌ಟನ್ ಬಳಿ. ಅವನಿಗೆ ಇಳಿತ ಯಾವುದು ಭರತ ಯಾವುದು ಎಂದು ನೀರು ನೋಡಿದರೂ ತಿಳಿಯುವುದಿಲ್ಲ. ನಿನ್ನೆ ಬಂದು ಕೇಳಿದ. ಹೇಳಿಕೊಟ್ಟೆ.

ನಿನ್ನ ಮಾರ್ಕು ಎಷ್ಟು ಎಂದು ನೀನು ಬರೆಯಲೇ ಇಲ್ಲ.

ವೇವ್ನಿ ಎ. ಕ್ವಾಮಿನಾ


ಜಾರ್ಜ್‌ಟೌನ್
೨೦ ಜೂನ್ ೧೯೯೨

ಅಕ್ಕಾ,

ಮಾಡಿದ್ದನ್ನು ಹೇಳುತ್ತೇನೆ, ಅಲಂಕಾರವಿಲ್ಲದೆ.

ಮಂಡಳಿಗೆ ಬರೆದೆ: ಕಾಗದ ಕಳಿಸಿದವನು ನಾನು, ಫೋನು ಮಾಡಿದವನು ನಾನು, ಅವಳನ್ನು ಎರಡು ಗಂಟೆ ನಿಲ್ಲಿಸಿದವನು ನಾನು. ಗಂಭೀರವಾಗಿಯೇ ಬರೆದೆ. ಬೇರೆ ರೀತಿ ಬರೆಯಲು ನನ್ನ ಕೈಗೆ ಬರುವುದಿಲ್ಲ ಎಂದು ಆಗ ಗೊತ್ತಾಯಿತು. ಅವರು ಅದನ್ನೇ ವಾಪಸು ಕಳಿಸಿದರು. ಮೂಲೆಯಲ್ಲಿ ಕಾರ್ಯದರ್ಶಿಯ ಷರಾ: "ರಿಜಿಸ್ಟ್ರಾರರಂತೆ ಬರೆಯಬಲ್ಲವನು ತಪ್ಪಿತಸ್ಥನಂತೆಯೂ ಬರೆಯಬಲ್ಲ. ಈ ಕಚೇರಿಗೆ ವಿದ್ಯಾರ್ಥಿಗಳ ಕುಚೇಷ್ಟೆಗೆ ಪುರುಸೊತ್ತಿಲ್ಲ."

ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಉಪಸಂಹಾರದಲ್ಲಾದರೂ ನಿಜ ಸೇರಿಸುತ್ತೇನೆಂದು ಮಿಸ್ ಇಂಗ್ರಾಮ್ ಬಳಿ ಹೋದೆ. ಅವರು ಬಹಳ ಹೊತ್ತು ಓದಿದರು. "ಉಪಸಂಹಾರದಲ್ಲಿ ಹೊಸದೇನೂ ಬರಬಾರ್ದು ಅಂತ ಹೇಳ್ಕೊಟ್ಟಿದೀನಲ್ಲಪ್ಪ. ಇದನ್ನ ಒಡಲಲ್ಲೇ ಹೇಳ್ಬೇಕಿತ್ತು. ಆಗ ನಿಂಗೆ ಗೊತ್ತಿತ್ತಲ್ಲ?" ಅಂದರು. ಗೊತ್ತಿತ್ತು ಅಂದೆ. ಪ್ರಬಂಧವನ್ನು ಪತ್ರಿಕೆಯಿಂದ ತೆಗೆದರು.

ನಿಜವಾದ ರಿಜಿಸ್ಟ್ರಾರರ ಮುಂದೆಯೂ ನಿಂತೆ. ಒಂದು ವರ್ಷ ಹೊರಗಿರು ಎಂದರು. ನೀನು ಯಾವುದನ್ನು ಉಳಿಸಲು ಬಾಯಿ ಮುಚ್ಚಿಕೊಂಡೆಯೋ ಅದನ್ನೂ ಕಳೆದಿದ್ದೇನೆ. ಅವರ ದನಿ ನಾನು ಮಾಡುತ್ತಿದ್ದ ದನಿಯ ಹಾಗಿಲ್ಲ. ತೆಳ್ಳಗಿದೆ.

ಆಸ್ಬರ್ಟ್


ನ್ಯೂ ನಿಕೇರಿ, ಸುರಿನಾಮ್
೧೮ ಜುಲೈ ೧೯೯೨

ಆಸ್ಬರ್ಟ್,

ನಿನ್ನ ಕಾಗದ ಊರು ಸುತ್ತಿ ಇಲ್ಲಿಗೆ ಬಂತು. ನದಿ ದಾಟಿ ಬಂದಿದ್ದೇನೆ. ಸೀಗಡಿ ಸುಲಿಯುವ ಕೆಲಸ. ಇಲ್ಲಿಯೂ ತೂಬುಗಳಿವೆ. ಬೇರೆಯವರು ತಿರುಗಿಸುತ್ತಾರೆ.

ನೀನು ಮಂಡಳಿಗೆ ಬರೆದೆ, ಮಿಸ್ಸಿಗೆ ಹೇಳಿದೆ, ರಿಜಿಸ್ಟ್ರಾರರಿಗೆ ಹೇಳಿದೆ. ನೀರು ಅವರ ಮನೆಗೆ ನುಗ್ಗಲಿಲ್ಲ. ಊರಿಗೆ ಹೋಗು. ಸೇತುವೆಯ ಮೇಲೆ ಸಂಜೆ ಎಲ್ಲರೂ ಇರುತ್ತಾರೆ. ನಿನ್ನ ಸ್ವಂತ ದನಿಯಲ್ಲಿ ಹೇಳು, ಅದು ನಿನಗೆ ಇನ್ನೂ ಇದ್ದರೆ. ನಕ್ಕರೆ, ನಕ್ಕು ಮುಗಿಸುವವರೆಗೆ ಅಲ್ಲೇ ನಿಂತಿರು.

ನಾನು ಬರುವುದಿಲ್ಲ. ಹೇಳಿ ಆದ ಮೇಲೆ ಬರೆ. ಅದಕ್ಕೆ ಮೊದಲು ಬೇಡ.

ವೇವ್ನಿ ಎ. ಕ್ವಾಮಿನಾ


ಫೇರ್ ಪೇಶೆನ್ಸ್
೯ ಆಗಸ್ಟ್ ೧೯೯೨

ಅಕ್ಕಾ,

ಹೇಳಿದೆ.

ಒಂಬತ್ತು ಜನ ಇದ್ದರು. ಮೊದಲ ವಾಕ್ಯಕ್ಕೇ ನಗು ಶುರುವಾಯಿತು. "ಬಂದ ನೋಡಪ್ಪ ನಮ್ಮ ಲಾಯರು!" ಎಂದು ಒಬ್ಬ. ರಿಜಿಸ್ಟ್ರಾರರ ಕಾಗದದ ಭಾಗ ಬಂದಾಗ ಕಾರ್ಲ್‌ಟನ್ ಹೊಟ್ಟೆ ಹಿಡಿದುಕೊಂಡ. "ಲೋ, ಆ ದನಿ ಒಂಚೂರು ಮಾಡೋ, ಮಾಡೋ!" ಎಂದು ಎಲ್ಲರೂ ಪಟ್ಟು ಹಿಡಿದರು. ಮಾಡುವುದಿಲ್ಲ ಅಂದೆ. ನಾನು ಅಷ್ಟು ಗಂಭೀರವಾಗಿ ನಿಂತದ್ದೇ ಅವರಿಗೆ ಇನ್ನೂ ದೊಡ್ಡ ತಮಾಷೆಯಾಯಿತು. ನಿಂತಿದ್ದೆ. ಕೊನೆಗೆ ಒಬ್ಬೊಬ್ಬರೇ ಕಣ್ಣು ಒರೆಸಿಕೊಂಡು ಸುಮ್ಮನಾದರು.

ಹೈಂಡ್ಸ್ ಮಾತ್ರ ಮೊದಲಿಂದಲೂ ನಕ್ಕಿರಲಿಲ್ಲ.

"ಎಷ್ಟೊತ್ತಿಂದ ಎಷ್ಟೊತ್ತಿನವರೆಗೆ ನಿಂತಿದ್ಲು ಅಲ್ಲಿ?" ಅಂದ.

"ಒಂಬತ್ತರಿಂದ ಹನ್ನೊಂದು."

"ನೀನು ಸತ್ತಿದೀಯ ಅಂದ್ಕೊಂಡು?"

"ಹೂಂ."

"ನಾನು ಶಾಲೇಲಿ ಅವತ್ತು ಏನೋ ಅಂದೆ" ಅಂದ. ಟೋಪಿ ತೆಗೆದ, ಮತ್ತೆ ಹಾಕಿಕೊಂಡ. "ಬಾತುಕೋಳಿ ನಿನ್ನ ಲೆಕ್ಕಕ್ಕೆ ಹಾಕಿದೀನಿ ಕಣೋ. ಅವಳ ಲೆಕ್ಕದಿಂದ ತೆಗೆದೆ. ಅವ್ಳಿಗೆ ಬರಿ." ಎದ್ದು ಹೋದ. ಉಳಿದವರೂ ಹೋದರು. ಯಾರೂ ನನ್ನನ್ನು ಊಟಕ್ಕೆ ಕರೆಯಲಿಲ್ಲ. ಇಸ್ಮೇ ಅತ್ತೆ ಕಿಟಕಿ ಹಾಕಿಕೊಂಡಳು.

ಹಳೆಯ ದಿನಚರಿ ಪುಸ್ತಕಗಳು ತೂಬಿನ ಗುಡಿಸಿಲಿನ ತಗಡಿನ ಪೆಟ್ಟಿಗೆಯಲ್ಲೇ ಇವೆ. ವಿಚಾರಣೆ ಮುಗಿದ ಮೇಲೆ ಕಳೆದ ವರ್ಷದ್ದನ್ನೂ ತಂದು ಎಸೆದಿದ್ದಾರೆ. ಇವತ್ತು ಬೆಳಗ್ಗೆ ಕಾರ್ಲ್‌ಟನನನ್ನು ಕೇಳಿ ತೆರೆದೆ. ಡಿಸೆಂಬರ್ ಹದಿನಾಲ್ಕರ ಪುಟದಲ್ಲಿ ನಿನ್ನ ೯.೧೦ರ ಕೆಳಗೆ ರಬ್ಬರು ಉಜ್ಜಿದ ಗುರುತು ಈಗಲೂ ಬೆಳಕಿಗೆ ಹಿಡಿದರೆ ಕಾಣುತ್ತದೆ. ಅದರ ಕೆಳಗೆ ಬರೆದೆ: "ಬಾಗಿಲು ಎತ್ತಿದ್ದು ೧೧.೪೦. ತಡಕ್ಕೆ ಕಾರಣ ಆಸ್ಬರ್ಟ್ ಕ್ವಾಮಿನಾ. ಕೆಸರು ನಾಲ್ಕು ಅಡಿ ಎರಡು ಅಂಗುಲ."

ಅಷ್ಟೇ ಬರೆದೆ. ನನ್ನ ಪ್ರಬಂಧ ಹದಿನಾಲ್ಕು ಪುಟ ಇತ್ತು.

ಚಕ್ರ ಈಗಲೂ ಕಿರುಗುಟ್ಟುತ್ತದೆ. ಗ್ರೀಸು ತಂದಿದ್ದೇನೆ.

ಆಸ್ಬರ್ಟ್


ನ್ಯೂ ನಿಕೇರಿ
೩೦ ಆಗಸ್ಟ್ ೧೯೯೨

ಆಸ್ಬರ್ಟ್,

ಕಾಗದ ಬಂತು.

ಪೆನ್ಸಿಲಿನಲ್ಲಿ ಬರೆದೆಯೋ, ಶಾಯಿಯಲ್ಲೋ?

ವೇವ್ನಿ